ಮೊದಲು ಬ್ರೇಕು, ಆಮೇಲೆ ಎಂಜಿನ್ನು

ಪುಣೆ ಹತ್ತಿರದ ತಳೇಗಾಂವ್‌ನಲ್ಲಿ ನಾವಿರುವ ರೋ ಹೌಸ್ ಸಾಲಿನಲ್ಲಿ ಎಲ್ಲ ಮನೆಗಳಿಗೂ ಬಿಲ್ಡರ್ ಹಾಕಿಕೊಟ್ಟ ಕಪ್ಪು ಗೇಟೇ ಇದೆ. ನಮ್ಮ ಮನೆಗೆ ಮಾತ್ರ ಬೂದು ಬಣ್ಣದ ಬೇರೆ ಗೇಟು. ಯಾರಾದರೂ ಏಕೆ ಎಂದು ಕೇಳಿದರೆ ನನ್ನ ಹೆಂಡತಿ, “ಇವರನ್ನೇ ಕೇಳಿ” ಎಂದು ಒಳಗೆ ಹೋಗಿಬಿಡುತ್ತಾಳೆ. ಆ ಕಥೆಯನ್ನು ಇಲ್ಲೇ ಹೇಳಿಬಿಡುತ್ತೇನೆ.

ನನ್ನದು ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ. ಓದಿದ್ದು ಕಂಪ್ಯೂಟರ್ ಸೈನ್ಸ್‌ನಲ್ಲಿ ಎಂ.ಟೆಕ್. ಊರು ಪಾಂಡವಪುರದ ಪಕ್ಕದ ಹಳ್ಳಿ. ಸೈಕಲ್ ಚೈನ್ ಹಾಕುವುದು ಬಿಟ್ಟರೆ ಯಂತ್ರದ ಕೆಲಸವೆಂದು ಮಾಡಿದವನಲ್ಲ. ಮೂರು ವರ್ಷದ ಹಿಂದೆ ಭೋರ್ ಕಡೆ ಸ್ನೇಹಿತನ ಹೊಲಕ್ಕೆ ಹೋಗಿದ್ದಾಗ ಜಾಲಿಮರದ ಕೆಳಗೆ ಒಂದು ಲಾರಿ ಕಂಡಿತು. ಮುಂದಿನ ಬಂಪರ್ ಮೇಲೆ ಬಳ್ಳಿ ಹಬ್ಬಿತ್ತು, ಡ್ರೈವರ್ ಸೀಟಿನಲ್ಲಿ ಕೋಳಿ ಮೊಟ್ಟೆ ಇಟ್ಟಿತ್ತು. ಆದರೂ ನೋಡಿದ ಕೂಡಲೇ ಗುರುತು ಸಿಕ್ಕಿತು. ನಮ್ಮ ಮನೆಯ ಗೋಡೆಯಲ್ಲಿ ಚೌಕಟ್ಟು ಹಾಕಿಸಿಟ್ಟ ಫೋಟೋದಲ್ಲಿ ಅಪ್ಪ ಒರಗಿ ನಿಂತಿರುವುದು ಇಂಥದೇ ಗಾಡಿಗೆ. ನಿಸ್ಸಾನ್ ಒನ್ ಟನ್.

ಸೇನೆಯಲ್ಲಿ ಇದ್ದವರ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಬಲ್ಪುರದ ವೆಹಿಕಲ್ ಫ್ಯಾಕ್ಟರಿಯಿಂದ ಬಂದ ಮೂರು ಗಾಡಿಗಳು ಒಂದು ಕಾಲಕ್ಕೆ ನಮ್ಮ ಸೇನೆಯ ಬೆನ್ನೆಲುಬು. ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿಯಲ್ಲಿ ತಯಾರಾದ ಶಕ್ತಿಮಾನ್ ಲಾರಿ, ಜಪಾನಿನ ನಿಸ್ಸಾನ್ ಪೆಟ್ರೋಲ್ ಗಾಡಿಯನ್ನು ಆಧರಿಸಿದ ಜೋಂಗಾ, ಎರಡಕ್ಕೂ ನಡುವಿನ ಗಾತ್ರದ ಈ ಒನ್ ಟನ್. ಜೋಂಗಾ ಎಂಬುದು ಜಪಾನಿ ಹೆಸರೆಂದೇ ನಾನು ಬಹಳ ದಿನ ನಂಬಿದ್ದೆ. ಜಬಲ್ಪುರ ಆರ್ಡ್ನೆನ್ಸ್ ಆ್ಯಂಡ್ ಗನ್ ಕ್ಯಾರೇಜ್ ಅಸೆಂಬ್ಲಿ ಎಂಬುದರ ಇಂಗ್ಲಿಷ್ ಮೊದಲಕ್ಷರಗಳಿಂದ ಹೊಸೆದ ಹೆಸರಂತೆ ಅದು. ಒನ್ ಟನ್ನಿಗೆ ಅಂಥ ಚಂದದ ಹೆಸರೂ ಸಿಗಲಿಲ್ಲ. ಹೊರುವ ಭಾರವೇ ಹೆಸರು.

ರೈತ ಅದನ್ನು ಹರಾಜಿನಲ್ಲಿ ಕೊಂಡವರಿಂದ ಕೊಂಡು, ಹತ್ತು ವರ್ಷ ಕಬ್ಬು, ಗೊಬ್ಬರ ಹೊಡೆದು, ಪೆಟ್ರೋಲ್ ಬೆಲೆ ಕಂಡು ಮೂಲೆಗೆ ಹಾಕಿದ್ದ. 3956 ಸಿ.ಸಿ. ಎಂಜಿನ್ನು, ಸಾಲಾಗಿ ಆರು ಸಿಲಿಂಡರು, ಅದೂ ಪೆಟ್ರೋಲು. ಗುಜರಿ ತೂಕಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟೆ. ಎಷ್ಟೆಂದು ಇಲ್ಲಿ ಬರೆಯುವುದಿಲ್ಲ, ಮನೆಯಲ್ಲಿ ಹೇಳಿದ ಲೆಕ್ಕಕ್ಕೂ ನಿಜಕ್ಕೂ ಸ್ವಲ್ಪ ವ್ಯತ್ಯಾಸವಿದೆ. ಕ್ರೇನಿನಲ್ಲಿ ತಂದು ಅಂಗಳಕ್ಕೆ ಇಳಿಸಿದಾಗ ಮುಂದೊಂದು ಗೇಣು, ಹಿಂದೊಂದು ಗೇಣು ಬಿಟ್ಟರೆ ಇಡೀ ಅಂಗಳ ಲಾರಿಯೇ ಆಯಿತು. ಮಗಳ ಸೈಕಲ್ ಹಾಲ್‌ಗೆ ಬಂತು.

ಅವತ್ತು ರಾತ್ರಿ ಅಪ್ಪನಿಗೆ ವಿಡಿಯೊ ಕಾಲ್ ಮಾಡಿದೆ. ಅಪ್ಪ ಎ.ಎಸ್.ಸಿ.ಯಲ್ಲಿ ಡ್ರೈವರ್ ಆಗಿದ್ದವರು. ಬೆಂಗಳೂರಿನ ಎ.ಎಸ್.ಸಿ. ಸೆಂಟರಿನಲ್ಲಿ ತರಬೇತಿ, ಆಮೇಲೆ ಹದಿನೇಳು ವರ್ಷ ಬೆಟ್ಟ, ಮರಳುಗಾಡು. ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

“ಬ್ರೇಕ್ ಐತಾ?”

“ಎಂಜಿನ್ನೇ ತಿರುಗಲ್ಲ ಅಪ್ಪ, ಬ್ರೇಕ್ ಯಾಕೆ?”

“ಮೊದ್ಲು ಬ್ರೇಕ್ ಮಾಡು ಮಗ. ಎಂಜಿನ್ ಆಮೇಲೆ” ಎಂದು ಫೋನನ್ನು ಅಮ್ಮನ ಕೈಗೆ ಕೊಟ್ಟರು.

ನಾನು ಎಂಜಿನ್ನೇ ಮೊದಲು ಹಿಡಿದೆ. ಇಂಥ ಗಾಡಿ ತಂದ ಎಲ್ಲರೂ ಮಾಡುವುದು ಅದನ್ನೇ. ಬ್ರೇಕು ಸರಿಯಾದರೆ ಯಾರಿಗೂ ಏನೂ ಕೇಳಿಸುವುದಿಲ್ಲ. ಎಂಜಿನ್ ಗುಡುಗಿದರೆ ಬೀದಿಯೇ ಹೊರಗೆ ಬರುತ್ತದೆ.

ವರ್ಕ್‌ಶಾಪ್ ಇಲ್ಲದೆ ಕೆಲಸ ಮಾಡುವುದೆಂದರೆ ಏನೆಂದು ಮೊದಲ ತಿಂಗಳಲ್ಲೇ ಗೊತ್ತಾಯಿತು. ಗ್ಯಾರೇಜಿನಲ್ಲಿ ನೆಲ ಮಟ್ಟವಾಗಿರುತ್ತದೆ, ಕೆಳಗಿಳಿಯಲು ಗುಂಡಿ ಇರುತ್ತದೆ, ಎತ್ತಲು ಹಾಯಿಸ್ಟ್ ಇರುತ್ತದೆ. ನಮ್ಮ ಅಂಗಳದಲ್ಲಿ ಇದ್ದದ್ದು ಪೇವರ್ ಇಟ್ಟಿಗೆ, ಅದೂ ಮಳೆನೀರು ಹರಿದುಹೋಗಲೆಂದು ಗೇಟಿನ ಕಡೆಗೆ ಕೊಂಚ ಇಳಿಜಾರು. ಈ ಇಳಿಜಾರನ್ನು ನೆನಪಿಟ್ಟುಕೊಳ್ಳಿ. ಬಾಟಲಿ ಜಾಕ್ ಎರಡು ತಂದೆ. ಜಾಕ್ ಎತ್ತುವುದಕ್ಕೆ ಮಾತ್ರ, ಹೊರುವುದಕ್ಕಲ್ಲ, ಅದನ್ನೇ ನಂಬಿ ಕೆಳಗೆ ಮಲಗಬಾರದು ಎಂಬುದು ಅಪ್ಪನ ಫೋನ್ ಪಾಠ. ಹಳೆ ಮನೆ ಕೆಡವಿದ ಜಾಗದಿಂದ ದಪ್ಪನೆಯ ಮರದ ದಿಮ್ಮಿ ಕೊಂಡುತಂದು, ಚಾಸಿಯ ಕೆಳಗೆ ಅಡ್ಡಡ್ಡ ಪೇರಿಸಿ, ಅದರ ಮೇಲೆ ಭಾರ ಕೂರಿಸಿದ ಮೇಲೆಯೇ ಕೆಳಗೆ ತೂರುತ್ತಿದ್ದೆ. ಈ ಒಂದು ಮಾತನ್ನಾದರೂ ಕೇಳಿದೆ. ಸಿಲಿಂಡರ್ ಹೆಡ್ ಎತ್ತಲು ಕಟ್ಟಡದವರ ಸೆಂಟ್ರಿಂಗ್ ಪೈಪು ಮೂರನ್ನು ಮುಕ್ಕಾಲಿಯಂತೆ ನಿಲ್ಲಿಸಿ ಚೈನ್ ಪುಲ್ಲಿ ಕಟ್ಟಿದೆವು. ಕಟ್ಟಿದೆವು ಅಂದರೆ ನಾನು ಮತ್ತು ಎದುರು ಮನೆಯ ಕಾಕಾ. ಭೋಸರಿಯಲ್ಲಿ ನಲವತ್ತು ವರ್ಷ ಲೇತ್ ನಡೆಸಿ ನಿವೃತ್ತರಾದವರು. ಅವರಿಗೆ ಕನ್ನಡ ಬಾರದು, ನನ್ನ ಮರಾಠಿ ತರಕಾರಿ ಅಂಗಡಿಯ ಮಟ್ಟದ್ದು. ಬೋಲ್ಟು ಸಡಿಲವಾಗುವ ಸದ್ದಿಗೆ ಭಾಷೆ ಬೇಕಿಲ್ಲವಲ್ಲ.

ಎಂಜಿನ್ ಕಚ್ಚಿಕೊಂಡಿತ್ತು. ಪ್ಲಗ್ ಬಿಚ್ಚಿ ಆರೂ ಸಿಲಿಂಡರಿಗೆ ಡೀಸೆಲ್ ಮತ್ತು ಗೇರ್‌ಬಾಕ್ಸಿನ ಎ.ಟಿ.ಎಫ್. ಎಣ್ಣೆ ಬೆರೆಸಿ ಸುರಿದು ಹನ್ನೆರಡು ದಿನ ಬಿಟ್ಟೆವು. ದಿನಾ ಆಫೀಸಿನಿಂದ ಬಂದು ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಉದ್ದನೆಯ ಪಾನಾ ಹಾಕಿ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಒತ್ತುವುದು. ಜೋರು ಮಾಡಿದರೆ ಒಳಗೇನಾದರೂ ಮುರಿಯುತ್ತದೆ. ಹದಿಮೂರನೆಯ ದಿನ ಕೂದಲೆಳೆಯಷ್ಟು ಅಲುಗಿತು. ಕಾಕಾ ಹೋಗಿ ಪೇಡಾ ತಂದರು.

ತುಕ್ಕಿನದೇ ಒಂದು ಅಧ್ಯಾಯ. ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಲು ಗಾಡಿ ಹೊರಗೆ ಹೋಗುವಂತಿಲ್ಲ. ದೊಡ್ಡ ಕಬ್ಬಿಣದ ಭಾಗಗಳಿಗೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು, ವಾಷಿಂಗ್ ಸೋಡಾ, ಬ್ಯಾಟರಿ ಚಾರ್ಜರ್. ತುಕ್ಕು ಹಿಡಿದ ಭಾಗಕ್ಕೆ ಮೈನಸ್ ತಂತಿ, ಬಲಿಯಾಗುವ ಹಳೆ ಕಬ್ಬಿಣದ ಸರಳಿಗೆ ಪ್ಲಸ್. ಸರಳು ಸ್ಟೇನ್‌ಲೆಸ್ ಸ್ಟೀಲಿನದಾಗಿರಬಾರದು, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಸೇರುತ್ತದೆ. ಗುಳ್ಳೆಯಾಗಿ ಬರುವುದು ಹೈಡ್ರೋಜನ್, ಅದಕ್ಕೆ ಬಯಲಿನಲ್ಲೇ ಮಾಡಬೇಕು, ಹತ್ತಿರ ಬೆಂಕಿ ಕೂಡದು. ಸಣ್ಣ ಬ್ರಾಕೆಟ್ಟು, ಕ್ಲಾಂಪುಗಳಿಗೆ ಕಾಕಂಬಿ. ಹೌದು, ಕಬ್ಬಿನ ಕಾಕಂಬಿಯೇ. ದನದ ಮೇವಿನ ಅಂಗಡಿಯಲ್ಲಿ ‘ಮಳಿ’ ಎಂದು ಕೇಳಿ ತಂದೆ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ ಎರಡು ವಾರ ನೆನೆಹಾಕಿದರೆ ತುಕ್ಕು ತಾನಾಗಿ ಬಿಡುತ್ತದೆ, ಒಳ್ಳೆಯ ಕಬ್ಬಿಣ ಬಹುತೇಕ ಹಾಗೇ ಉಳಿಯುತ್ತದೆ. ಅಲ್ಯೂಮಿನಿಯಂ ಮಾತ್ರ ಹಾಕಬಾರದು. ಆಗ ಬಂದಿದ್ದ ಅಮ್ಮ ಬಾಗಿಲಲ್ಲೇ ನಿಂತು ಮೂಗೆತ್ತಿ, “ಆಲೆಮನೆ ವಾಸ್ನೆ ಬತ್ತಾದಲ್ಲ!” ಎಂದರು. ಮೂರನೆಯ ವಾರ ಅದು ಹುಳಿತ ವಾಸನೆಯಾಗಿ ಸೊಸೈಟಿಯ ಕಾರ್ಯದರ್ಶಿಯಿಂದ ಪತ್ರ ಬಂತು. ಭಾನುವಾರ ಬೆಳಗ್ಗೆ ಹತ್ತರಿಂದ ಒಂದರವರೆಗೆ ಮಾತ್ರ ಗ್ರೈಂಡರ್, ಡ್ರಮ್ಮಿಗೆ ಮುಚ್ಚಳ ಕಡ್ಡಾಯ ಎಂಬ ಒಪ್ಪಂದಕ್ಕೆ ಬಂದೆವು.

ಬಣ್ಣ ಉಜ್ಜುವಾಗ ನನಗೆ ತಡವಾಗಿ ಗೊತ್ತಾದ ಸಂಗತಿ, ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆಂಬುದು. ಒಣಗಿದ್ದಾಗ ಗ್ರೈಂಡರ್ ಹಿಡಿದರೆ ಆ ಧೂಳು ಮನೆಯೊಳಗೆ, ಮಕ್ಕಳ ಬಾಯಿಗೆ. ಹಾಗಾಗಿ ಮಾಸ್ಕ್ ಹಾಕಿ, ನೀರು ಹಾಕಿಕೊಂಡು ಎಮರಿ ಕಾಗದದಲ್ಲೇ ತಿಕ್ಕಿದೆ. ನಿಧಾನವಾದದ್ದು ಒಳ್ಳೆಯದೇ ಆಯಿತು. ರೈತನ ನೀಲಿ ಬಣ್ಣದ ಕೆಳಗೆ ಸೇನೆಯ ಹಸಿರು, ಅದರ ಕೆಳಗೆ ಮರಳಿನ ಬಣ್ಣ, ಅದರಡಿ ಮತ್ತೆ ಹಸಿರು. ಹಾಗಾದರೆ ಮರಳುಗಾಡು ನೋಡಿ ಬಂದ ಗಾಡಿ. ಮುಂದಿನ ಬಂಪರಿನಲ್ಲಿ ಮೇಲ್ಮುಖ ಬಾಣ ಮತ್ತು 7 ಎಂಬ ಅಂಕಿ ನೆರಳಿನಂತೆ ಮೂಡಿತು. ಸೇನಾ ವಾಹನಗಳ ನಂಬರಿನಲ್ಲಿ ಬಾಣದ ನಂತರದ ಎರಡು ಅಂಕಿ ಗಾಡಿ ಸೇನೆಗೆ ಸೇರಿದ ವರ್ಷ. ಎರಡನೆಯ ಅಂಕಿ ನನ್ನ ಗ್ರೈಂಡರಿನ ಮೊದಲ ದಿನದ ಉತ್ಸಾಹಕ್ಕೆ ಬಲಿಯಾಗಿತ್ತು. ಇದು ನಿಮ್ಮಪ್ಪ ಓಡಿಸಿದ ಗಾಡಿಯೇ ಇರಬಹುದಲ್ಲ ಎಂದು ಆಫೀಸಿನಲ್ಲಿ ಬಹಳ ಜನ ಕೇಳಿದ್ದಾರೆ. ಸಿನಿಮಾದಲ್ಲಾದರೆ ಇರುತ್ತಿತ್ತು.

ಹೆಡ್ ಬಿಚ್ಚಿ, ಕಚ್ಚಿದ್ದ ವಾಲ್ವುಗಳನ್ನು ಬಿಡಿಸಿ, ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ರಬ್ಬರ್ ಕಪ್ಪಿನ ಕಡ್ಡಿಯನ್ನು ಅಂಗೈಗಳ ನಡುವೆ ಮಜ್ಜಿಗೆ ಕಡೆದಂತೆ ಕಡೆದು ಹನ್ನೆರಡು ವಾಲ್ವುಗಳನ್ನೂ ಕೂರಿಸಿದೆವು. ನಾನಾ ಪೇಟೆಯ ಬಿಡಿಭಾಗದ ಅಂಗಡಿಗಳಲ್ಲಿ ಹಳೆಯ ಗ್ಯಾಸ್ಕೆಟ್ ತೋರಿಸಿ ಅದೇ ಅಳತೆಯದು ಮಾಡಿಸಿದೆ. ಜೋಡಿಸಿ ಸ್ಟಾರ್ಟ್ ಕೊಟ್ಟರೆ ಕಾರ್ಬ್ಯುರೇಟರಿನಿಂದ ಢಂ ಎಂದು ಬೆಂಕಿ. ಎರಡು ಭಾನುವಾರ ತಲೆಕೆಡಿಸಿಕೊಂಡೆವು. ಒಂದನೆಯ ಸಿಲಿಂಡರಿನ ಪಿಸ್ಟನ್ ಎರಡು ಸಲ ಮೇಲೆ ಬರುತ್ತದೆ, ಒಮ್ಮೆ ಗಾಳಿ ಒತ್ತಲು, ಒಮ್ಮೆ ಹೊಗೆ ತಳ್ಳಲು. ನಾನು ಹೊಗೆಯ ಸರದಿಯಲ್ಲಿ ಡಿಸ್ಟ್ರಿಬ್ಯೂಟರ್ ಕೂರಿಸಿದ್ದೆ. 1-5-3-6-2-4 ಎಂಬ ಕ್ರಮ ಸರಿಯಾಗಿಯೇ ಇತ್ತು, ಶುರುವಾದ ಜಾಗ ಮಾತ್ರ ಅರ್ಧ ಸುತ್ತು ತಪ್ಪು. ನಮ್ಮ ಕೋಡಿನಲ್ಲಿ ಇಂಥ ತಪ್ಪಿಗೆ ಬೆಂಕಿ ಬರುವುದಿಲ್ಲ. ಬಂದಿದ್ದರೆ ಒಳ್ಳೆಯದಿತ್ತೇನೋ.

ಒಂದು ಶನಿವಾರ ಸಂಜೆ ಎಂಜಿನ್ ಹಿಡಿಯಿತು. ಮೊದಲು ಕೆಮ್ಮಿತು, ಬಿಳಿ ಹೊಗೆ, ಆಮೇಲೆ ಆರೂ ಸಿಲಿಂಡರು ಒಂದೇ ದನಿಯಲ್ಲಿ. ಇಡೀ ಸಾಲು ಹೊರಗೆ ಬಂತು. ಕಾರ್ಯದರ್ಶಿಯೂ ಚಪ್ಪಾಳೆ ಹೊಡೆದರು. ಅಪ್ಪನಿಗೆ ವಿಡಿಯೊ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಎಂಜಿನ್ ಆರಿಸಿದ ಮೇಲೆ, ಇಳಿಜಾರಿದೆಯಲ್ಲ ಎಂದು ಜಾಣತನದಿಂದ ಗಾಡಿಯನ್ನು ಒಂದನೆಯ ಗೇರಿನಲ್ಲಿ ಬಿಟ್ಟು, ಮುಂದಿನ ಚಕ್ರಕ್ಕೆ ಎರಡು ಇಟ್ಟಿಗೆ ಕೊಟ್ಟು ಮಲಗಿದೆ. ಹ್ಯಾಂಡ್ ಬ್ರೇಕಿನ ಪಟ್ಟಿ ಎಣ್ಣೆ ಕುಡಿದು ನೆನೆದಿತ್ತು. ಕಾಲು ಬ್ರೇಕು ಒತ್ತಿದರೆ ನೆಲ ಮುಟ್ಟುತ್ತಿತ್ತು.

ಭಾನುವಾರ ಬೆಳಗ್ಗೆ ಏಳೂವರೆ. ಕ್ಲಚ್ ಒತ್ತಿ ಹಿಡಿದು ಸ್ಟಾರ್ಟರ್ ಒತ್ತಿದೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಕ್ಲಚ್ ಪ್ಲೇಟು ತುಕ್ಕು ಹಿಡಿದು ಫ್ಲೈವೀಲಿಗೇ ಅಂಟಿಕೊಂಡಿರುತ್ತದೆ, ಪೆಡಲ್ ಒತ್ತಿದರೂ ಬಿಡುವುದಿಲ್ಲ. ಇದು ಈಗ ಗೊತ್ತು. ಎಂಜಿನ್ ಹಿಡಿದದ್ದೇ ತಡ ಗಾಡಿ ಹೊರಟಿತು. ವೇಗವೇನೂ ಇಲ್ಲ, ಮನುಷ್ಯ ನಡೆಯುವಷ್ಟು. ಆದರೆ ಇಟ್ಟಿಗೆ ಪುಡಿಯಾಯಿತು, ಗೇಟು ಕಾಗದದಂತೆ ಮಡಚಿಕೊಂಡಿತು. ನಾನು ಇಗ್ನಿಷನ್ ಆರಿಸುವುದು ಬಿಟ್ಟು ಇಲ್ಲದ ಬ್ರೇಕನ್ನು ಎರಡೂ ಕಾಲಲ್ಲಿ ತುಳಿಯುತ್ತಿದ್ದೆ. ಓಣಿ ದಾಟಿ ಕಾಕಾ ಮನೆಯ ಕಾಂಪೌಂಡಿಗೆ ಹೋಗಿ ಗುದ್ದಿ ಎಂಜಿನ್ ನಿಂತಿತು.

ನಮ್ಮ ಮಗಳಿಗೆ ಏಳು ವರ್ಷ. ಭಾನುವಾರ ಬೆಳಗ್ಗೆ ಗೇಟಿನ ಮುಂದೆ ಕೂತು ರಂಗೋಲಿ ಹಾಕುವುದು ಅವಳ ಕೆಲಸ. ಅವತ್ತು ಬಿಳಿ ಚುಕ್ಕಿ ಇಟ್ಟಾಗಿತ್ತು, ಬಣ್ಣದ ಡಬ್ಬಿ ತರಲು ಒಳಗೆ ಹೋಗಿದ್ದಳು. ಚುಕ್ಕಿಗಳ ಮೇಲೆ ಟೈರಿನ ಅಚ್ಚು ಬಿದ್ದಿತ್ತು.

ನನ್ನ ಹೆಂಡತಿ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಕಾಕಾ ಹತ್ತಿರ ಹೋಗಿ, “ಯಾವುದನ್ನು ತೆಗೆದರೆ ಇದು ಸ್ಟಾರ್ಟ್ ಆಗೋದಿಲ್ಲ?” ಎಂದು ಹಿಂದಿಯಲ್ಲಿ ಕೇಳಿದಳು. ಅವರು ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಒಳಗಿನ ರೋಟರ್ ತೋರಿಸಿದರು. ಹೆಬ್ಬೆರಳಿನಷ್ಟು ದೊಡ್ಡದು. ಅದನ್ನು ಕಿತ್ತುಕೊಂಡು ಹೋಗಿ ಅಡುಗೆಮನೆಯ ಸಾಸಿವೆ ಡಬ್ಬಿಯಲ್ಲಿ ಹಾಕಿಟ್ಟಳು. “ಮಾವ ಬಂದು ಸರಿ ಇದೆ ಅನ್ನೋವರೆಗೂ ಇದು ಇಲ್ಲೇ ಇರುತ್ತೆ ರೀ” ಎಂದಳು. ಅಪ್ಪನಿಗೆ ಫೋನ್ ಮಾಡಿದ್ದೂ ಅವಳೇ.

ಮುಂದಿನ ವಾರ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಅಪ್ಪ ಬಂದರು. ಎಪ್ಪತ್ತೆರಡು ವರ್ಷ. ಬೈಯಲಿಲ್ಲ. ಮುರಿದ ಗೇಟು ನೋಡಿದರು, ಕಾಕಾ ಗೋಡೆ ನೋಡಿದರು, ಗೇಟಿನಿಂದ ಗೋಡೆಯವರೆಗೆ ಹೆಜ್ಜೆ ಹಾಕಿ ಅಳೆದರು. ಕಾಫಿ ಕುಡಿದು ಲುಂಗಿ ಎತ್ತಿ ಕಟ್ಟಿದರು.

ನಾಲ್ಕೂ ಚಕ್ರ ಬಿಚ್ಚಿದೆವು. ಡ್ರಮ್ಮಿನೊಳಗಿನ ಧೂಳನ್ನು ನಾನು ಊದಲು ಹೋದಾಗ ಕೈ ಹಿಡಿದು ನಿಲ್ಲಿಸಿದರು. ಹಳೆಯ ಬ್ರೇಕ್ ಲೈನಿಂಗಿನಲ್ಲಿ ಆ್ಯಸ್ಬೆಸ್ಟಾಸ್ ಇರುತ್ತದೆ, ಉಸಿರಿನಲ್ಲಿ ಹೋದರೆ ಹೊರಗೆ ಬರುವುದಿಲ್ಲ. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ ಕವರಿನಲ್ಲಿ ಕಟ್ಟಿದೆವು. ವೀಲ್ ಸಿಲಿಂಡರುಗಳ ಒಳಮೈ ಗುಳಿಗುಳಿ. ಬ್ರೇಕ್ ಎಣ್ಣೆ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ, ಬದಲಾಯಿಸದೆ ಬಿಟ್ಟರೆ ಒಳಗಿನಿಂದಲೇ ತುಕ್ಕು. ಕಾಕಾ ತಮ್ಮ ಹಳೆಯ ಭೋಸರಿ ಗೆಳೆಯರ ಲೇತಿನಲ್ಲಿ ಅವನ್ನು ಕೊರೆಸಿ ಹಿತ್ತಾಳೆಯ ಸ್ಲೀವ್ ಹಾಕಿಸಿಕೊಟ್ಟರು. ಗೋಡೆ ಕೆಡವಿಸಿಕೊಂಡವರು ಮಾಡಿದ ಕೆಲಸ ಇದು.

ನಾನು ಹೊಸ ರಬ್ಬರ್ ಕಪ್ಪುಗಳನ್ನು ತೊಳೆಯಲು ಸೀಮೆಎಣ್ಣೆ ತಂದಿಟ್ಟಿದ್ದೆ. ಅಪ್ಪ ಮೊದಲ ಸಲ ದನಿ ಏರಿಸಿದರು. ಸೀಮೆಎಣ್ಣೆ, ಪೆಟ್ರೋಲು ತಗುಲಿದರೆ ಆ ರಬ್ಬರ್ ಊದಿಕೊಂಡು ಸಿಲಿಂಡರಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಬ್ರೇಕ್ ಎಣ್ಣೆಯಲ್ಲೇ ತೊಳೆಯಬೇಕು. ಇಂಥ ಹಳೆ ಗಾಡಿಯಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಸರ್ಕ್ಯೂಟು. ಈಗಿನ ಕಾರುಗಳಲ್ಲಿ ಒಂದು ಸೋರಿದರೆ ಇನ್ನೊಂದು ಇರುತ್ತದೆ. ಇದರಲ್ಲಿ ಒಂದು ಕಡೆ ಸೋರಿದರೆ ನಾಲ್ಕೂ ಹೋದವು.

ಆ ರಾತ್ರಿ ಹಾಲ್‌ನಲ್ಲಿ ಪೇಪರ್ ಹಾಸಿ ಕಪ್ಪುಗಳನ್ನು ಜೋಡಿಸುತ್ತಿದ್ದಾಗ ಅಪ್ಪ ತಲೆ ಎತ್ತದೆ ಹೇಳಿದರು. “ನಮ್ಮ ಮುಂದಿನ ಗಾಡಿ. ಬೆಟ್ಟದ ಇಳುಕಲು. ಒಂದು ಪೈಪ್ ಒಡದಿತ್ತು ಅಷ್ಟೇಯ.”

“ಡ್ರೈವರ್?”

“ನಮ್ ಬ್ಯಾಚಿನೋನು. ಬೆಂಗ್ಳೂರಲ್ಲಿ ಪಕ್ಕದ್ ಮಂಚ ಅವಂದು.” ಸ್ವಲ್ಪ ಹೊತ್ತು ಬಿಟ್ಟು, “ಆ ಸ್ಪ್ರಿಂಗ್ ಕೊಡಿಲ್ಲಿ” ಎಂದರು.

ಮೂವತ್ತಾರು ವರ್ಷದಲ್ಲಿ ಈ ಮಾತು ನಾನು ಕೇಳಿರಲಿಲ್ಲ. ಅಮ್ಮನಿಗೂ ಗೊತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು.

ಪೈಪುಗಳೆಲ್ಲ ಹೊಸವು. ಫ್ರಿಜ್ಜಿನವರು ಬಳಸುವ ಮಾಮೂಲಿ ತಾಮ್ರದ ಕೊಳವೆ ಬಗ್ಗಿಸಲು ಸುಲಭ, ಆದರೆ ಅದುರಿ ಅದುರಿ ಗಡುಸಾಗಿ ಬಿರುಕು ಬಿಡುತ್ತದೆ. ಬ್ರೇಕಿಗೆಂದೇ ಬರುವ ಉಕ್ಕಿನ ಕೊಳವೆ ತಂದು, ತುದಿಗಳನ್ನು ಕೈ ಉಪಕರಣದಲ್ಲಿ ಎರಡು ಮಡಿಕೆ ಅರಳಿಸಿದೆವು. ನಾನು ಅರಳಿಸಿದ ಮೊದಲ ಎಂಟು ತುದಿಗಳನ್ನು ಅಪ್ಪ ಬಿಸಾಕಿದರು.

ಕೊನೆಗೆ ಗಾಳಿ ತೆಗೆಯುವ ಕೆಲಸ. ಇದಕ್ಕೆ ಇಬ್ಬರು ಬೇಕೇ ಬೇಕು. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು, ನಮ್ಮ ಬಲಗೈ ಗಾಡಿಯಲ್ಲಿ ಹಿಂದಿನ ಎಡಚಕ್ರ. ಅಪ್ಪ ಸೀಟಿನಲ್ಲಿ, ನಾನು ಚಕ್ರದ ಹಿಂದೆ ಸ್ಪ್ಯಾನರ್ ಮತ್ತು ಬಾಟಲಿಗೆ ಬಿಟ್ಟ ಪಾರದರ್ಶಕ ಟ್ಯೂಬ್ ಹಿಡಿದು. ಅಲ್ಲಿ ಕೂತ ಕೂಡಲೇ ಅಪ್ಪನ ಕನ್ನಡ ಮಾಯವಾಯಿತು. “ದಬಾಯಾ!” ಎಂದು ಕೂಗುತ್ತಾರೆ, ನಾನು ನಿಪ್ಪಲ್ ತಿರುಗಿಸುತ್ತೇನೆ, ಗುಳ್ಳೆ ಗುಳ್ಳೆ ಎಣ್ಣೆ ಬರುತ್ತದೆ. “ಬಂದ್!” ಎಂದು ಬಿಗಿ ಮಾಡುತ್ತೇನೆ. “ಛೋಡಾ!” ಎಂದು ಪೆಡಲ್ ಬಿಡುತ್ತಾರೆ. ಕ್ರಮ ತಪ್ಪಿದರೆ ತೆಗೆದ ಗಾಳಿ ವಾಪಸ್ ಒಳಗೆ. ಮೂರು ತಾಸು ಇದೇ. ಮಗಳು ಮೆಟ್ಟಿಲ ಮೇಲೆ ಕೂತು ಇಬ್ಬರ ಜೊತೆಗೂ ಕೂಗುತ್ತಿದ್ದಳು.

ಮುಗಿಯಿತು ಎಂದುಕೊಂಡೆ. ಅಪ್ಪ ಪೆಡಲನ್ನು ಜೋರಾಗಿ ಒತ್ತಿ ಹಿಡಿದು ಕೈಗಡಿಯಾರ ನೋಡತೊಡಗಿದರು. ಪೂರ್ತಿ ಒಂದು ನಿಮಿಷ. ಪೆಡಲ್ ಒಂದು ಬೆರಳಿನಷ್ಟು ಕೆಳಗಿಳಿಯಿತು. ನನಗದು ಏನೂ ಅಲ್ಲ ಅನ್ನಿಸಿತ್ತು. ಅವರು ಇಳಿದು ಬಂದು ಒಂದೊಂದೇ ಜಾಯಿಂಟಿಗೆ ಒಣ ಕಾಗದ ಒತ್ತಿ ನೋಡಿದರು. ಮುಂದಿನ ಬಲಚಕ್ರದ ಜಾಯಿಂಟಿನಲ್ಲಿ ಕಾಗದ ಒದ್ದೆಯಾಯಿತು. ನಾನು ಅರಳಿಸಿದ್ದ ತುದಿ, ಹೇಗೋ ಪಾಸಾಗಿಬಿಟ್ಟಿದ್ದು. ಮತ್ತೆ ಬಿಚ್ಚಿ, ಮತ್ತೆ ಮಾಡಿ, ಮತ್ತೆ “ದಬಾಯಾ, ಬಂದ್, ಛೋಡಾ.” ಅಪ್ಪನ ವಾಪಸ್ ಟಿಕೆಟ್ ಮುಂದಕ್ಕೆ ಹಾಕಿಸಿದೆವು.

ಎರಡನೆಯ ದಿನ ಪೆಡಲ್ ಕಲ್ಲಿನಂತೆ ನಿಂತಿತು. ಹ್ಯಾಂಡ್ ಬ್ರೇಕಿನ ಪಟ್ಟಿಯೂ ಹೊಸದು. ಅಂಟಿದ್ದ ಕ್ಲಚ್ಚನ್ನು ಗೇರ್‌ಬಾಕ್ಸ್ ಇಳಿಸಿ ಬಿಡಿಸಲು ಇನ್ನೂ ಹದಿನೈದು ದಿನ ಹಿಡಿಯಿತು. ಎಲ್ಲ ಆದ ಮೇಲೆ ಸ್ನೇಹಿತನ ಮಟ್ಟಸ ಹೊಲಕ್ಕೆ ಕ್ರೇನಿನಲ್ಲೇ ಕೊಂಡೊಯ್ದು, ಅಲ್ಲಿ ಅಪ್ಪ ಒಂದನೆಯ ಗೇರಿನಲ್ಲಿ ಓಡಿಸಿದರು. ಇಪ್ಪತ್ತು ಅಡಿ ಹೋಗಿ ನಿಲ್ಲಿಸಿದರು. ಮತ್ತೆ ಇಪ್ಪತ್ತು ಅಡಿ, ಮತ್ತೆ ನಿಲ್ಲಿಸಿದರು. ಇಡೀ ಹೊಲವನ್ನು ಹಾಗೇ ನಿಲ್ಲಿಸಿ ನಿಲ್ಲಿಸಿ ದಾಟಿದರು.

ರಸ್ತೆಗೆ ಇಳಿಸುವ ಯೋಗ ಇನ್ನೂ ಇಲ್ಲ. 2021ರ ವಿಂಟೇಜ್ ನಿಯಮ 50 ವರ್ಷ ದಾಟಿದ ದ್ವಿಚಕ್ರ ಮತ್ತು ಪ್ರಯಾಣಿಕರ ನಾಲ್ಕು ಚಕ್ರದ ವಾಹನಗಳಿಗೆ, ಸರಕಿನ ಲಾರಿಗಲ್ಲ. ಹೆಡ್‌ಲೈಟ್ ಇಲ್ಲ, ಹಿಂದಿನ ತೊಟ್ಟಿಯ ಮರ ಅರ್ಧ ಆಗಿದೆ, ಬಂಪರಿನ ಆ ಬಾಣದ ಜಾಗಕ್ಕೆ ಬಣ್ಣ ಹೊಡೆಯದೆ ಬರೀ ವಾರ್ನಿಷ್ ಹಚ್ಚಿದ್ದೇನೆ. ಕಾಕಾ ಗೋಡೆ ಕಟ್ಟಿಸಿಕೊಟ್ಟದ್ದಾಯಿತು. ಅಂಗಳದಲ್ಲಿ ಗಾಡಿ ಈಗ ಗೇಟಿಗೆ ಬೆನ್ನು ಹಾಕಿ ನಿಂತಿದೆ, ನಾಲ್ಕು ಚಕ್ರಕ್ಕೂ ಮರದ ಅಡೆ.

ಊರಿಗೆ ಹೊರಡುವ ದಿನ ಅಪ್ಪ ಸೊಸೆಗೆ, “ಕೊಡವ್ವ, ಪರ್ವಾಗಿಲ್ಲ” ಎಂದರು. ಅವಳು ಕೊಟ್ಟಳು. ಆದರೆ ಪ್ರತಿ ಭಾನುವಾರ ಒಂದು ಗಂಟೆಗೆ ಅದನ್ನು ತೆಗೆದು, ಒರೆಸಿ, ವಾಪಸ್ ಕೊಡಬೇಕು. ರೋಟರ್ ಈಗಲೂ ಸಾಸಿವೆ ಡಬ್ಬಿಯಲ್ಲೇ ಇದೆ.